ಗುರ್ಜಿ ಹೋಗದ ಓಣಿ

ಮಿರಗ ಕೂಡಿ ವಾರವಾದರೂ ಮೋಡ ಕಟ್ಟದಿದ್ದರೆ ನಮ್ಮ ಕಡೆ ಹುಡುಗರು ಗುರ್ಜಿ ಹೊರುತ್ತಾರೆ. ನಮ್ಮ ಕಡೆ ಎಂದರೆ ಗದಗ ಜಿಲ್ಲೆಯ ಮುಂಡರಗಿ ಸೀಮೆ. ರೊಟ್ಟಿ ಹಂಚಿನ ಮೇಲೆ ಸಗಣಿಯದೊಂದು ಮುದ್ದೆಯನ್ನು ಲಿಂಗದ ಹಾಗೆ ಕೂಡಿಸಿ, ನೆತ್ತಿಗೆ ಗರಿಕೆ ಚುಚ್ಚಿ, ಅರಿಸಿನ ಕುಂಕುಮ ಏರಿಸಿದರೆ ಗುರ್ಜಿ ತಯಾರು. ಬರಿಮೈಯ ಹುಡುಗನೊಬ್ಬ ಅದನ್ನು ತಲೆಯ ಮೇಲೆ ಹೊತ್ತು ಮುಂದೆ, ಉಳಿದವರು ಹಾಡಿಕೊಂಡು ಹಿಂದೆ. ಮನೆಯಾಕೆ ಹೊಸ್ತಿಲಿಗೆ ಬಂದು ಒಂದು ತಂಬಿಗೆ ನೀರನ್ನು ಗುರ್ಜಿಯ ಮೇಲೆ ಸುರಿಯುತ್ತಾಳೆ. ಹುಡುಗ ಗರಗರ ತಿರುಗುತ್ತಾನೆ. ಸಗಣಿ ನೀರು ಸುತ್ತಲಿದ್ದವರ ಮೇಲೆಲ್ಲ ಸಿಡಿಯುತ್ತದೆ, ಸಣ್ಣವರು ಕಿರುಚುತ್ತಾರೆ. ಆಮೇಲೆ ಮೊರದಲ್ಲಿ ಜೋಳ, ಹಿಟ್ಟು, ಬೇಳೆ, ನಾಲ್ಕು ಒಣಮೆಣಸಿನಕಾಯಿ. ಕೂಡಿಬಂದದ್ದನ್ನು ಹನುಮಪ್ಪನ ಗುಡಿಯ ಮುಂದೆ ಬೇಯಿಸಿಕೊಂಡು ಎಲ್ಲರೂ ಉಣ್ಣುವುದು. ಹಳೇ ಮೈಸೂರಿನವರ ಮಳೆರಾಯನಿಗೂ ನಮ್ಮ ಗುರ್ಜಿಗೂ ನಂಟಸ್ತಿಕೆ ಇದೆ.

2023ರ ಜೂನಿನಲ್ಲಿ ಗುರ್ಜಿ ಹೊರಟಾಗ ಊರಿನ ಸ್ಥಿತಿ ಹೀಗಿತ್ತು. ಮುಂಗಾರು ಕೇರಳಕ್ಕೇ ತಡವಾಗಿ, ಜೂನ್ 8ಕ್ಕೆ ಮುಟ್ಟಿತ್ತು. ಅರಬ್ಬೀ ಸಮುದ್ರದಲ್ಲಿ ಎದ್ದ ಬಿಪರ್‌ಜಾಯ್ ಚಂಡಮಾರುತ ತೇವವನ್ನೆಲ್ಲ ತನ್ನ ಕಡೆ ಎಳೆದುಕೊಂಡು ಗುಜರಾತಿಗೆ ಹೋಗಿತ್ತು. ನಮ್ಮ ನಲ್ಲಿಗೆ ಎಂಟು ಹತ್ತು ದಿನಕ್ಕೊಮ್ಮೆ ನೀರು. ಬೋರಿನ ನೀರು ಸವುಳು, ಅದರ ಮೇಲೆ ಫ್ಲೋರೈಡು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು ಎನ್ನುತ್ತಾರೆ. ನಮ್ಮ ಭಾಗದ ಎಷ್ಟೋ ಬೋರುಗಳು ಅದನ್ನು ದಾಟಿ ಬಹಳ ಕಾಲವಾಯಿತು. ಹಾಜರಿ ಕರೆಯುವಾಗ "ಹಾಜರ್ರೀ" ಎಂದು ತೆರೆದ ಬಾಯಿಗಳಲ್ಲಿ ಹಳದಿ ಗೆರೆ ಬಿದ್ದ ಹಲ್ಲುಗಳನ್ನು ನೋಡುತ್ತಲೇ ನನ್ನ ನೌಕರಿ ಮುಗಿಯಿತು. ಕುಡಿಯುವುದಕ್ಕೆ ಶುದ್ಧ ನೀರಿನ ಘಟಕ ಒಂದಿದೆ, ರೊಕ್ಕದ ಬಿಲ್ಲೆ ಹಾಕಿದರೆ ಕೊಡ ತುಂಬುತ್ತದೆ. ಅದು ಕೆಟ್ಟಾಗ ಹುಡುಗಿಯರು ತಳ್ಳುಗಾಡಿಯಲ್ಲಿ ಖಾಲಿ ಕೊಡ ಹೇರಿಕೊಂಡು ಪಕ್ಕದ ಊರಿಗೆ ಹೋಗುತ್ತಾರೆ. ಶಾಲೆಗೆ ಆವತ್ತು ರಜೆ.

"ಇಂಥಾದ್ರಾಗ ಮನಿಗೊಂದು ತಂಬಗಿ ನೀರು ಸಗಣಿ ಮ್ಯಾಲೆ ಚೆಲ್ಲೂದು ಯಾವ ಧರ್ಮ ಅಕ್ಕಾ?" ಎಂದು ನನ್ನ ತಮ್ಮ ಸಿಟ್ಟಾಗುತ್ತಾನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಲೆಕ್ಕವನ್ನೂ ಹಾಕಿ ತೋರಿಸಿದ: ಸುಮಾರು 60 ಮನೆ, ತಂಬಿಗೆಗೆ ಲೀಟರಿನ ಮೇಲೆ ಸ್ವಲ್ಪ, ಒಟ್ಟು 70 ಲೀಟರ್. ಜಲಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕು ಎನ್ನುತ್ತದೆ. ಒಬ್ಬ ಮನುಷ್ಯನ ಒಂದು ದಿನದ ಪಾಲು ಹೋಗಿ ಇನ್ನೂ ಮಿಕ್ಕುವಷ್ಟು ನೀರು ಓಣಿಯ ಮಣ್ಣಿಗೆ.

ಲೆಕ್ಕ ತಪ್ಪಿಲ್ಲ. ಆದರೆ ನೀರು ಯಥೇಚ್ಛ ಇರುವ ಊರಲ್ಲಿ ಗುರ್ಜಿ ಹೊರುವುದಿಲ್ಲವಲ್ಲ. ದ್ರವ್ಯ, ದೇವತೆ, ತ್ಯಾಗ, ಈ ಮೂರೂ ಕೂಡಿದರೆ ಯಾಗ ಎಂದು ಮೀಮಾಂಸಕರು ಹೇಳುತ್ತಾರೆ. ಬಿಟ್ಟುಕೊಡುವಾಗ ಕೈ ಸ್ವಲ್ಪವಾದರೂ ಹಿಂಜರಿಯಬೇಕು, ಇಲ್ಲದಿದ್ದರೆ ಅದು ತ್ಯಾಗ ಹೇಗಾದೀತು? ಅನ್ನ ಮಳೆಯಿಂದ, ಮಳೆ ಯಜ್ಞದಿಂದ, ಯಜ್ಞ ಕರ್ಮದಿಂದ ಎಂದು ಗೀತೆಯ ಮೂರನೆಯ ಅಧ್ಯಾಯ ಒಂದು ಸರಪಳಿಯನ್ನು ಕಟ್ಟಿಕೊಡುತ್ತದೆ. ತೈತ್ತಿರೀಯ ಸಂಹಿತೆಯಲ್ಲಿ ಮಳೆಗಾಗಿಯೇ 'ಕಾರೀರಿ' ಎಂಬ ಇಷ್ಟಿ ಇದೆ. ಅದರಲ್ಲಿ ಯಜಮಾನ ಕಪ್ಪು ಬಟ್ಟೆ ಉಡಬೇಕು, ಮಳೆಯ ರೂಪ ಕಪ್ಪು ಎಂಬ ಕಾರಣಕ್ಕೆ. ಋಗ್ವೇದದ ಏಳನೆಯ ಮಂಡಲದ 103ನೆಯ ಸೂಕ್ತವಂತೂ ಕಪ್ಪೆಗಳದ್ದೇ. ಮಳೆಗೆ ಎದ್ದು ವಟಗುಟ್ಟುವ ಕಪ್ಪೆಗಳನ್ನು ಮಂತ್ರ ಹೇಳುವ ಬ್ರಾಹ್ಮಣರಿಗೆ ಹೋಲಿಸಿದ್ದಾರೆ. ಇವತ್ತು ಕಪ್ಪೆ ಮದುವೆ ಮಾಡುವವರನ್ನು ಟಿವಿಯಲ್ಲಿ ನೋಡಿ ನಗುವವರು ಅದನ್ನೊಮ್ಮೆ ನೋಡಬೇಕು. ಬಯಸಿದ್ದನ್ನು ಮೊದಲು ನಾವೇ ಮಾಡಿ ತೋರಿಸುವುದು ಈ ಎಲ್ಲ ಆಚರಣೆಗಳ ಜಾಡು. ಗುರ್ಜಿ ಹೊತ್ತ ಹುಡುಗನ ಮೇಲೆ 60 ಮನೆಯವರು ಮಳೆ ಸುರಿಸಿ, ಇನ್ನು ನಿನ್ನ ಪಾಳಿ ಎಂದು ಮುಗಿಲಿಗೆ ಹೇಳುತ್ತಾರೆ.

ಮುಗಿಲು ಕೇಳಲಿಲ್ಲ. ಮಿರಗ ಒಣಗಿ ಹೋಯಿತು.

ನಮ್ಮ ಓಣಿಯಲ್ಲಿ ಆಗ ನಾಲ್ಕನೆಯ ಇಯತ್ತೆಯಲ್ಲಿದ್ದ ಒಬ್ಬ ಹುಡುಗಿ ಇದ್ದಾಳೆ. ನಾನು ನಿವೃತ್ತಳಾಗಿ ಎಷ್ಟು ವರ್ಷವಾದರೂ ಅವಳಿಗೆ ನಾನು ಅಕ್ಕೋರೇ. ಗುರ್ಜಿ ಹೊರುವುದು ಹುಡುಗರ ಹಕ್ಕು. ಹಿಂದೆ ನಿಂತು ಹಾಡುವುದು, ಯಾವ ಮನೆ ಆಯಿತು ಯಾವುದು ಉಳಿಯಿತು ಎಂದು ನೋಡುವುದು ಇವಳ ಪಾಲಿಗೆ ಬಂದಿತ್ತು. ಮಳೆ ಬಾರದ್ದಕ್ಕೆ ಅವಳು ಅತ್ತವಳಲ್ಲ, ದೇವರ ಮೇಲೆ ಮುನಿದವಳೂ ಅಲ್ಲ. ನಮ್ಮ ಕಟ್ಟೆಯ ಮೇಲೆ ಕೂತು ತಪ್ಪುಗಳನ್ನು ಬೆರಳು ಮಡಚಿ ಎಣಿಸಿದಳು. ಗರಿಕೆ ಒಣಗಿತ್ತು. ಹೊತ್ತವನು ನಡುವೆ ನಕ್ಕ. ಒಬ್ಬಾಕೆ ಮುಸುರಿ ನೀರು ಸುರಿದಳು, "ನಾನೇ ನೋಡೇನ್ರೀ, ಅನ್ನದ ಅಗಳು ಇತ್ತು."

ನನಗೆ ನಗು ಬಂದದ್ದು ಬೇರೆ ಕಾರಣಕ್ಕೆ. ಇದೇ ವಾದವನ್ನು ಗೌತಮನ ನ್ಯಾಯಸೂತ್ರ ಒಂದೂವರೆ ಸಾವಿರ ವರ್ಷಕ್ಕೂ ಹಿಂದೆ ಮಾಡಿದೆ. ಎದುರಾಳಿ ಕೇಳುತ್ತಾನೆ: ಪುತ್ರಕಾಮೇಷ್ಟಿ ಮಾಡಿದವನಿಗೆ ಮಕ್ಕಳಾಗಲಿಲ್ಲ, ಹಾಗಾದರೆ ವೇದ ಸುಳ್ಳಾಯಿತಲ್ಲ? ಸೂತ್ರಕಾರನ ಉತ್ತರ: ಸುಳ್ಳಲ್ಲ, ಕರ್ಮದಲ್ಲೋ ಕರ್ತೃವಿನಲ್ಲೋ ಸಾಧನದಲ್ಲೋ ವೈಗುಣ್ಯವಿದ್ದೀತು. ಭಾಷ್ಯ ಬರೆದ ವಾತ್ಸ್ಯಾಯನ ಅವನ್ನು ಬಿಡಿಸಿಯೇ ಹೇಳುತ್ತಾನೆ. ಮಾಡಿಸುವವನಿಗೆ ವಿದ್ಯೆ ಇರಲಿಕ್ಕಿಲ್ಲ, ನಡತೆ ಸರಿ ಇರಲಿಕ್ಕಿಲ್ಲ, ಹವಿಸ್ಸು ಕೆಟ್ಟಿರಬಹುದು, ಮಂತ್ರದ ಸ್ವರ ತಪ್ಪಿರಬಹುದು, ದಕ್ಷಿಣೆ ಕಡಿಮೆಯಾಗಿರಬಹುದು ಇಲ್ಲವೇ ಅಡ್ಡದಾರಿಯಲ್ಲಿ ಬಂದ ದುಡ್ಡಾಗಿರಬಹುದು. ಒಣಗಿದ ಗರಿಕೆ ಸಾಧನದ ದೋಷ, ನಕ್ಕ ಹುಡುಗ ಕರ್ತೃವಿನ ದೋಷ, ಮುಸುರಿ ನೀರು ಹವಿಸ್ಸಿನ ದೋಷ. ನಾಲ್ಕನೆಯ ಇಯತ್ತೆಗೆ ಇಷ್ಟು ನ್ಯಾಯಶಾಸ್ತ್ರ ಸಾಕು.

ನನ್ನ ತಮ್ಮ ಇಲ್ಲಿ ಬಾಯಿ ಹಾಕದೆ ಇರುವವನಲ್ಲ. ಎಂದೂ ಸೋಲದ ವಾದ ವಾದವೇ ಅಲ್ಲ, ಮಳೆ ಬಂದರೆ ಗುರ್ಜಿಯಿಂದ ಬಂತು, ಬಾರದಿದ್ದರೆ ಗರಿಕೆ ಒಣಗಿತ್ತು ಎನ್ನುವವರನ್ನು ಹಿಡಿಯುವುದು ಎಲ್ಲಿ ಎಂದು ಕೇಳಿದ. ಸರಿಯೇ. ನಾನೂ ಗುರ್ಜಿಯಿಂದ ಮಳೆ ಬರುತ್ತದೆ ಎಂದು ನಂಬಿದವಳಲ್ಲ, ತಂಬಿಗೆ ನೀರು ಮಾತ್ರ ತಪ್ಪಿಸಿದವಳಲ್ಲ. 2019ರಲ್ಲಿ ಮುಜರಾಯಿ ಇಲಾಖೆಯೇ ದೇವಸ್ಥಾನಗಳಲ್ಲಿ ಪರ್ಜನ್ಯ ಜಪ ಮಾಡಿಸಲು ಸುತ್ತೋಲೆ ಕಳಿಸಿತ್ತು. 2017ರಲ್ಲಿ ವಿಮಾನ ಹಾರಿಸಿ ಮೋಡ ಬಿತ್ತನೆಯನ್ನೂ ಮಾಡಿದರು. ಬಿತ್ತುವುದಕ್ಕೆ ತಕ್ಕ ಮೋಡ ಇರಬೇಕು ಎಂಬ ಷರತ್ತು ಅದಕ್ಕೂ ಉಂಟು. ಅದೂ ಸಾಧನ ವೈಗುಣ್ಯವೇ ಎಂದೆ. ತಮ್ಮ ಒಪ್ಪಲಿಲ್ಲ.

ನನ್ನನ್ನು ಕಾಡುವುದು ವಾದ ಸೋಲುತ್ತದೋ ಇಲ್ಲವೋ ಎಂಬುದಲ್ಲ. ದೋಷ ಎಲ್ಲೋ ಇದೆ ಎಂದು ಒಮ್ಮೆ ಒಪ್ಪಿದ ಮೇಲೆ ಅದನ್ನು ಎಲ್ಲಿ ಹುಡುಕುತ್ತಾರೆ ಎಂಬುದು. ಮಹಾಭಾರತದ ವನಪರ್ವದಲ್ಲಿ ಅಂಗದೇಶಕ್ಕೆ ಬರ ಬೀಳುವುದು ರಾಜ ಲೋಮಪಾದನ ತಪ್ಪಿನಿಂದ. ಬ್ರಾಹ್ಮಣರಿಗೆ ವಂಚಿಸಿದ, ಇಂದ್ರ ಮಳೆ ನಿಲ್ಲಿಸಿದ. ಋಷ್ಯಶೃಂಗನನ್ನು ಕರೆತಂದು ರಾಜನೇ ಅದನ್ನು ಸರಿಪಡಿಸಿಕೊಳ್ಳಬೇಕಾಯಿತು. ಶೃಂಗೇರಿ ಹತ್ತಿರದ ಕಿಗ್ಗದಲ್ಲಿರುವ ಋಷ್ಯಶೃಂಗನ ದೇವಸ್ಥಾನಕ್ಕೆ ಇವತ್ತಿಗೂ ಮಳೆ ಬೇಡಲು ಹೋಗುವವರಿದ್ದಾರೆ. ಆ ಕಥೆಯಲ್ಲಿ ಹೊಣೆ ಸಿಂಹಾಸನದ ಮೇಲೆ ಕೂತವನದು. ಊರ ಕಥೆಗಳಿಗೆ ಬರುವ ಹೊತ್ತಿಗೆ ಹೊಣೆಯೂ ನೀರಿನ ಹಾಗೆ ಇಳಿಜಾರು ಹಿಡಿದಿರುತ್ತದೆ. 'ಕೆರೆಗೆ ಹಾರ'ದಲ್ಲಿ ಕೆರೆ ಕಟ್ಟಿಸಿದವನು ಕಲ್ಲನಕೇರಿಯ ಮಲ್ಲನಗೌಡ, ನೀರು ಬೀಳಲಿಲ್ಲ, ಹೊತ್ತಿಗೆ ತೆಗೆದು ನೋಡಿದರೆ ಸೊಸೆಯನ್ನು ಆಹಾರ ಕೊಡಬೇಕು ಎಂದು ಬಂತು. ಹಿರಿಯ ಸೊಸೆಯನ್ನು ಕೊಡುವ ಹಾಗಿಲ್ಲ. ಕಿರಿಯಾಕೆ ಭಾಗೀರಥಿ ಹೋದಳು. ತರಗತಿಯಲ್ಲಿ ಈ ಕಥೆ ಹೇಳಿದಾಗಲೆಲ್ಲ ಹುಡುಗಿಯರ ಕಣ್ಣು ತುಂಬುತ್ತಿದ್ದವು. ಒಮ್ಮೆ ಹಿಂದಿನ ಸಾಲಿನ ಒಬ್ಬಳು ಮಾತ್ರ ಎದ್ದು ನಿಂತು, "ಗೌಡ್ರು ತಾವ್ಯಾಕ ಹಾರಲಿಲ್ರೀ ಅಕ್ಕೋರ?" ಎಂದಳು. ಪಾಠದ ಕೊನೆಯ ಪ್ರಶ್ನೆಗಳಲ್ಲಿ ಅದು ಇರಲಿಲ್ಲ.

ಅದು ಕಥೆ, ಬಿಡಿ. ಕಥೆಯಲ್ಲದ್ದೂ ಇದೆ. ತೊನ್ನು ಇದ್ದವರು ಸತ್ತರೆ ಹೂಳಬಾರದು, ಹೂಳಿದರೆ ಮಳೆ ಹೋಗುತ್ತದೆ ಎಂಬ ನಂಬಿಕೆ ನಮ್ಮ ರಾಜ್ಯದ ಬಯಲುಸೀಮೆಯಲ್ಲಿ ಇನ್ನೂ ಜೀವಂತ. ಬರದ ವರ್ಷಗಳಲ್ಲಿ ಹೂತ ಹೆಣವನ್ನು ರಾತ್ರಿ ತೆಗೆದು ಸುಟ್ಟ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬರುತ್ತದೆ. ಬದುಕಿದ್ದಾಗ ಮದುವೆ ಮುಂಜಿಗಳಲ್ಲಿ ಹಿಂದೆ ಕೂತವರು. ಸತ್ತ ಮೇಲೆ ಇಡೀ ಊರಿನ ಬರಕ್ಕೆ ಅವರೇ ಕಾರಣ. ತಾವೇನು ಮಾಡಿದೆವು ಎಂದು ಹೇಳಿಕೊಳ್ಳಲು ಬಾಯಿ ಸಹ ಇಲ್ಲ. ಕೆರೆಯ ಅಂಗಳ ಒತ್ತಿದವರು, ಮರಳು ತೆಗೆದವರು, ಸಾವಿರ ಅಡಿ ಬೋರು ಕೊರೆಸಿದವರು ಬದುಕಿದ್ದಾರೆ, ಅವರ ಬಾಯಿಯೂ ಜೋರಾಗಿದೆ. ಅವರ ಬಾಗಿಲಿಗೆ ವೈಗುಣ್ಯ ಹುಡುಕಿಕೊಂಡು ಯಾರೂ ಹೋಗುವುದಿಲ್ಲ.

ಬೆರಳು ಮಡಚುತ್ತಿದ್ದ ಹುಡುಗಿಗೆ ನಾಲ್ಕನೆಯದೊಂದು ಉಳಿದಿತ್ತು. "ಕೆಳಗಿನ ಓಣಿಗೆ ಹೋಗೇ ಇಲ್ರೀ," ಎಂದಳು.

ಕೆಳಗಿನ ಓಣಿ ಎಂದರೆ ದಲಿತರ ಕೇರಿ. ಮಕ್ಕಳ ಬಾಯಿಗೆ ವೇದಾಂತ ತುರುಕುವವರನ್ನು ಕಂಡರೆ ನನಗಾಗದು, ಆದ್ದರಿಂದ ಇದ್ದದ್ದನ್ನೇ ಹೇಳುತ್ತೇನೆ. ಅವಳು ಸಮಾನತೆಯ ಮಾತಾಡಲಿಲ್ಲ. ಅದು ಅವಳಿಗೆ ಲೆಕ್ಕದ ತಪ್ಪಾಗಿ ಕಂಡಿತ್ತು. ಊರಿಗೆ ಮಳೆ ಬೇಕು ಎಂದು ಹಾಡಿದ್ದು, ಕೆಳಗಿನ ಓಣಿ ಊರಲ್ಲೇ ಇದೆ, ಅಲ್ಲಿನ ನೀರು ಗುರ್ಜಿಗೆ ಬಿದ್ದಿಲ್ಲ, ಅಂದಮೇಲೆ ಅರ್ಜಿ ಪೂರ್ತಿ ಆಗಿಲ್ಲ. ಅವಳ ಪಕ್ಕದಲ್ಲಿ ಕೂಡುವ ಗೆಳತಿಯ ಮನೆ ಅಲ್ಲಿದೆ ಎನ್ನುವುದೂ ಇದ್ದೀತು. ಯಾಕೆ ಹೋಗಲಿಲ್ಲ ಎಂದು ಕೇಳಿದೆ. "ಅವ್ವ ಬ್ಯಾಡ ಅಂದ್ಳು. ಅಲ್ಲಿ ನೀರ ಇಲ್ಲ, ಪಾಪ, ಕೇಳಬಾರದು ಅಂದ್ಳು." ಪಾಪ ಎಂಬ ಮಾತನ್ನು ನಮ್ಮ ಜನ ಎಂಥೆಂಥ ಕಡೆ ಬಳಸುತ್ತಾರೆ!

ಆರಿದ್ರ ಮಳೆ ಕೂಡಿದ ಮೇಲೆ ಮಕ್ಕಳು ಇನ್ನೊಮ್ಮೆ ಗುರ್ಜಿ ಹೊತ್ತರು. ಈ ಸಲ ಯಾರನ್ನೂ ಕೇಳಲಿಲ್ಲ. ಹಸಿ ಗರಿಕೆ ಎಲ್ಲಿಂದಲೋ ತಂದಿದ್ದರು. ನಾನು ಹಿಂದೆಯೇ ನಡೆದೆ, ವಯಸ್ಸಾದವಳು ಜೊತೆಗಿದ್ದರೆ ಬೈಯುವವರು ಸ್ವಲ್ಪ ತಡೆದು ಬೈಯುತ್ತಾರೆ ಎಂದು. ಕೆಳಗಿನ ಓಣಿಯ ಮೊದಲ ಮನೆಯ ಮುಂದೆ ನಿಂತಾಗ ಒಳಗಿಂದ ಬಂದ ಹೆಣ್ಣುಮಗಳ ಕೈಯಲ್ಲಿ ತಂಬಿಗೆ ಇತ್ತು, ಸುರಿಯಲಿಲ್ಲ. ಮಕ್ಕಳನ್ನು ಬಿಟ್ಟು ನನ್ನ ಮುಖ ನೋಡಿ, "ನಮ್ಮ ನೀರು ನಡೀತೈತೇನ್ರೀ?" ಎಂದಳು. ನಾನು ಉತ್ತರಕ್ಕೆ ಮಾತು ಜೋಡಿಸುವುದರೊಳಗೆ ಹುಡುಗಿ, "ಸವುಳಾದ್ರೂ ನಡೀತೈತಿ ಯಕ್ಕಾ, ಮುಸುರಿ ಇರಬಾರದು ಅಷ್ಟ" ಎಂದುಬಿಟ್ಟಳು. ಆಕೆ ಒಂದು ಗಳಿಗೆ ನಿಂತು, ಒಳಗೆ ಹೋಗಿ, ತಂಬಿಗೆಯ ನೀರನ್ನು ಬದಲಿಸಿಕೊಂಡು ಬಂದು ಸುರಿದಳು. ಘಟಕದಿಂದ ತಂದ ಕುಡಿಯುವ ನೀರು. ಬೇಡವೆನ್ನಲು ನನಗೂ ಬಾಯಿ ಬರಲಿಲ್ಲ.

ಊಟದ ಹೊತ್ತಿಗೆ ವಿಷಯ ಮೇಲಿನ ಓಣಿಗೆ ಮುಟ್ಟಿತ್ತು. ಕೇರಿಯ ಹಿಟ್ಟು, ಬೇಳೆ ಕೂಡಿದ ಅಡುಗೆ. ಕೆಲವು ತಾಯಂದಿರು ತಮ್ಮ ಮಕ್ಕಳನ್ನು ಹೆಸರು ಹಿಡಿದು ಕೂಗಿ ಎಬ್ಬಿಸಿಕೊಂಡು ಹೋದರು. ಒಬ್ಬ ಹುಡುಗ ಬಾಯಲ್ಲಿದ್ದ ತುತ್ತು ನುಂಗುವುದೋ ಉಗುಳುವುದೋ ತಿಳಿಯದೆ ಗಲ್ಲ ಉಬ್ಬಿಸಿಕೊಂಡೇ ನಡೆದ. ಉಳಿದವರು ಉಂಡರು. ನನಗೆ ಬೈಗುಳ ಆಮೇಲೆ, ಸಾವಕಾಶವಾಗಿ, ಹಿಂದಿನಿಂದ ಬಂತು.

ಜುಲೈ ಕೊನೆಗೆ ಮಳೆ ಆಯಿತು. ಹೆಸರು ಬಿತ್ತಿದವರು ನಕ್ಕರು. ಹುಡುಗಿ ಓಣಿಯಲ್ಲಿ ತಲೆ ಎತ್ತಿ ನಡೆದಳು. ಆಮೇಲೆ ಆಗಸ್ಟ್ ಬಂತು. 1901ರಿಂದ ದೇಶದಲ್ಲಿ ಇಟ್ಟುಕೊಂಡು ಬಂದ ಲೆಕ್ಕದಲ್ಲಿ ಅಷ್ಟು ಒಣಗಿದ ಆಗಸ್ಟ್ ಇರಲಿಲ್ಲ. ಹೆಸರು ಹೂವಿನಲ್ಲೇ ಸುಟ್ಟಿತು. ಇನ್ನು ಇವಳಿಗೆ ಏನು ಹೇಳುವುದು ಎಂದು ನಾನು ಯೋಚಿಸುತ್ತಿದ್ದರೆ ಅವಳಲ್ಲಿ ಉತ್ತರ ತಯಾರಿತ್ತು: "ಅರ್ಧ ಮಂದಿ ಉಣ್ಣಲಿಲ್ಲಲ್ರೀ. ಅದಕ್ಕ ಮಳಿನೂ ಅರ್ಧ ಬಂತು."

ಗೌತಮ ಮಹರ್ಷಿಯೇ ಕೇಳಿದ್ದರೂ ತಲೆದೂಗಬೇಕು. ಇದೂ ಎಂದೂ ಸೋಲದ ವಾದವೇ, ತಮ್ಮನ ತಕರಾರು ಇದಕ್ಕೂ ಅನ್ವಯಿಸುತ್ತದೆ. ಆದರೂ ಹೆಣ ಅಗೆಯುವವರ ವಾದವನ್ನೂ ಇವಳ ವಾದವನ್ನೂ ಒಂದೇ ಬುಟ್ಟಿಗೆ ಹಾಕಿ ಮೂಢನಂಬಿಕೆ ಎಂದು ಚೀಟಿ ಅಂಟಿಸಲು ನಾನು ಒಪ್ಪುವುದಿಲ್ಲ. ಮಳೆಯ ಮಟ್ಟಿಗೆ ಎರಡೂ ಒಂದೇ. ಮೋಡಕ್ಕೆ ಎರಡೂ ಕೇಳಿಸುವುದಿಲ್ಲ. ಆದರೆ ಒಂದು ನಂಬಿಕೆ ಗುದ್ದಲಿ ಹಿಡಿಸುತ್ತದೆ, ಇನ್ನೊಂದು ಪಂಕ್ತಿಯಲ್ಲಿ ಕೂಡಿಸುತ್ತದೆ. ಒಂದರಲ್ಲಿ ಕಾಸೂ ಖರ್ಚಿಲ್ಲದೆ ಮಾತಾಡಲಾರದವರ ಮೇಲೆ ತಪ್ಪು ಹೋಯಿತು, ಇನ್ನೊಂದರಲ್ಲಿ ಬಂದು ನಿಂತದ್ದು ನಮ್ಮದೇ ಅಂಗಳಕ್ಕೆ. ದೇವರ ಬಗ್ಗೆ ಹೇಳುವ ಮಾತು ನಿಜವೋ ಸುಳ್ಳೋ ತೂಗುವ ತಕ್ಕಡಿ ನನ್ನ ಹತ್ತಿರ ಇಲ್ಲ. ಆ ಮಾತು ಯಾರ ಹೆಗಲಿಗೆ ಕೊಡ ಏರಿಸುತ್ತದೆ ಎಂದು ಮಾತ್ರ ನೋಡಬಲ್ಲೆ, ನೋಡಿಯೇ ನಂಬುತ್ತೇನೆ ಅಥವಾ ಬಿಡುತ್ತೇನೆ.

ಮಗುವೊಂದು ಬರದ ಹೊಣೆಯನ್ನು ತಾನೇ ಹೊತ್ತುಕೊಳ್ಳುವುದು ಸರಿಯೇ ಎಂಬ ಅಳುಕು ನನಗಿತ್ತು. ಅದಕ್ಕೇ ಒಂದು ದಿನ ಭೂಪಟ ಹಾಸಿ ಎಲ್ ನಿನೋ ವಿವರಿಸಿದೆ. ಪೆಸಿಫಿಕ್ ಸಾಗರದ ನೀರು ಬಿಸಿಯಾಗುತ್ತದೆ, ಗಾಳಿಯ ದಿಕ್ಕು ಕೆಡುತ್ತದೆ, ನಮ್ಮ ಮುಂಗಾರು ಸೊರಗುತ್ತದೆ, ಇದರಲ್ಲಿ ಯಾರ ಗರಿಕೆಯ ತಪ್ಪೂ ಇಲ್ಲ. ಶ್ರದ್ಧೆಯಿಂದ ಕೇಳಿದಳು, ಪೆಸಿಫಿಕ್ ಮೇಲೆ ಬೆರಳಿಟ್ಟು ನಮ್ಮೂರಿನ ತನಕ ಗೇಣು ಹಾಕಿದಳು. "ಇದಕ್ಕ ನಾವೇನ್ ಮಾಡಬೇಕ್ರೀ?" ಎಂದಳು. ನೀನು ಮಾಡುವಂಥದ್ದೇನೂ ಇಲ್ಲ ಎಂದೆ. ಭೂಪಟ ಸುತ್ತಿ ಕೊಟ್ಟು ಹೋದಳು. ಎಲ್ ನಿನೋ ನಿಜ ಎಂಬುದರಲ್ಲಿ ಅವಳಿಗೆ ಅನುಮಾನ ಬರಲಿಲ್ಲ. ಅದರಲ್ಲಿ ಅವಳಿಗೆ ಕೆಲಸವಿರಲಿಲ್ಲ, ಅಷ್ಟೆ. ಆಸೆ ಎಂದು ನಾವು ಹೇಳುವುದನ್ನು ಆ ವಯಸ್ಸಿನವರು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ, ಕಾಲಿಗೆ ಕಟ್ಟಿಕೊಂಡು ತಿರುಗುತ್ತಾರೆ.

ಸೆಪ್ಟೆಂಬರಿನಲ್ಲಿ ಸರ್ಕಾರ ಬರ ಘೋಷಿಸಿತು. ಮೊದಲು 195 ತಾಲ್ಲೂಕು, ಬರಬರುತ್ತ 236ರಲ್ಲಿ 223. ದೆಹಲಿಗೆ ಮನವಿ ಹೋಯಿತು. ಪರಿಹಾರದ ದುಡ್ಡು ಬಿಡುಗಡೆಯಾದದ್ದು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ ಮೇಲೆ, 2024ರ ಏಪ್ರಿಲಿನಲ್ಲಿ. ನಮ್ಮ ಜೋಕುಮಾರ ಇದಕ್ಕಿಂತ ಚುರುಕು. ಭಾದ್ರಪದದ ಅಷ್ಟಮಿಗೆ ಹುಟ್ಟಿ, ಅಂಬಿಗರ ಹೆಣ್ಣುಮಕ್ಕಳ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂತು, ಬಾಯಿಗೆ ಬೆಣ್ಣೆ ಮೆತ್ತಿಸಿಕೊಂಡು ಮನೆಮನೆ ತಿರುಗಿ, ಏಳು ದಿನಕ್ಕೆ ಹುಣ್ಣಿಮೆಯ ರಾತ್ರಿ ಸಾಯುತ್ತಾನೆ. ಸತ್ತವನು ನೇರ ಶಿವನ ಹತ್ತಿರ ಹೋಗಿ ಕಂಡದ್ದನ್ನು ಕಂಡ ಹಾಗೆ ಹೇಳುತ್ತಾನೆ. ಅವನಿಗಿಂತ ಮುಂಚೆ ಬರುವ ಗಣಪತಿ ಕಡುಬು ತಿಂದು, ಹೊಟ್ಟೆ ತುಂಬಿದವನ ಕಣ್ಣಲ್ಲಿ ನೋಡಿ, ಭೂಲೋಕದಲ್ಲಿ ಎಲ್ಲರೂ ಸುಖ ಎಂದು ವರದಿ ಕೊಟ್ಟಿರುತ್ತಾನಂತೆ. ಅದನ್ನು ಅಲ್ಲಗಳೆದು, ಹೊಲ ಒಣಗಿದೆ, ಜನ ಹಸಿದಿದ್ದಾರೆ ಎನ್ನುವವನು ಈ ಜೋಕುಮಾರ. ಕೇಳಿದ ಮೇಲೆ ಶಿವ ಮಳೆ ಕಳಿಸುತ್ತಾನೆ. ಮೇಲಿದ್ದವನಿಗೆ ಎಲ್ಲವೂ ತಾನಾಗಿ ತಿಳಿದಿರುತ್ತದೆ ಎಂಬ ಮಾತನ್ನು ನಮ್ಮ ಊರ ಹೆಂಗಸರು ಎಂದೂ ಪೂರ್ತಿ ನಂಬಿದವರಲ್ಲ. ಯಾರಾದರೂ ಹೋಗಿ ಹೇಳಬೇಕು, ಹೇಳುವವನು ಉಂಡು ಮಲಗಿದವನಾಗಿರಬಾರದು.

ಆ ವರ್ಷ ಜೋಕುಮಾರ ಬರುವ ಹಿಂದಿನ ದಿನ ಹುಡುಗಿ ಪಟ್ಟಿಯೊಂದನ್ನು ಬರೆದು ತಿದ್ದಿಸಲು ತಂದಳು. ಘಟಕ ಕೆಟ್ಟಿದೆ. ಕೆಳಗಿನ ಓಣಿಗೆ ಇನ್ನೊಂದು ನಲ್ಲಿ ಬೇಕು. ತಳ್ಳುಗಾಡಿಯ ಗಾಲಿ ಮುರಿದಿದೆ. ಹೆಸರು ಹೋಯಿತು, ಕಡಲೆಗಾದರೂ ಮಳೆ ಬರಲಿ. ನಾನು ಒತ್ತಕ್ಷರ ತಿದ್ದಿದೆ, "ಫ್ಲೋರೈಡ್ ಅಂತ ಒಂದು ಸೇರಿಸು" ಎಂದೆ. "ಅಂವಗ ತಿಳೀತೈತೇನ್ರೀ?" ಎಂದು ಕೇಳಿದಳು, ಬಿಡಿಸಿ ಬರೆಯಲು ಜಾಗ ಬಿಟ್ಟಳು. ಇದರ ಒಂದು ಪ್ರತಿಯನ್ನು ಪಂಚಾಯಿತಿಗೂ ಕೊಡೋಣ ಎಂದು ನಾನು ಹೇಳಿದ್ದಕ್ಕೆ ಅವಳದೇನೂ ಅಭ್ಯಂತರವಿರಲಿಲ್ಲ. ಮರುದಿನ ಬುಟ್ಟಿ ಬಂದಾಗ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬೇವಿನ ಸೊಪ್ಪಿನ ಕೆಳಗೆ ತುರುಕಿದಳು. ಬುಟ್ಟಿ ಹೊತ್ತ ಮುದುಕಿ ಒಮ್ಮೆ ಅವಳನ್ನೂ ಒಮ್ಮೆ ನನ್ನನ್ನೂ ನೋಡಿ, "ಅರ್ಜಿ ಆತು, ಬೆಣ್ಣಿ ಎಲ್ಲೈತಿ?" ಎಂದಳು.